ಟ್ಯಾಂಕಿಗೆ ಬೇಕಾದ ನೆಲ

ಹೊಸಬೆಳಗು ಬಡಾವಣೆ,
ದಕ್ಷಿಣದ ಬೆಟ್ಟ, ಲಿಮಾ
22 ಆಗಸ್ಟ್ 2004, ಭಾನುವಾರ ಮಧ್ಯಾಹ್ನ

ಪ್ರೀತಿಯ ಎರ್ಮೆಲಿಂದಕ್ಕಾ,

ನಿನ್ನ ಸೊಂಟನೋವು ಈಗ ಹೇಗಿದೆ? ನೀನು ನೋಡಿಕೊಳ್ಳುವ ಆ ಮುದುಕಿಯನ್ನು ಮಂಚದಿಂದ ಕುರ್ಚಿಗೆ ಎತ್ತುವಾಗ ಮಂಡಿ ಮಡಿಸಿ ಎತ್ತಬೇಕಂತೆ, ಬೆನ್ನು ಬಗ್ಗಿಸಬಾರದಂತೆ. ಇದು ಅಮ್ಮನ ಮಾತು. ನಾನು ಪತ್ರ ಬರೆಯಲು ಕೂತೆನೆಂದರೆ ಅವಳು ಮೊದಲು ಹೇಳುವುದು ಇದನ್ನೇ. ನೀನಿರುವ ಸಾಂತಿಯಾಗೊದಲ್ಲಿ ಚಳಿ ಇನ್ನೂ ಇಳಿದಿಲ್ಲವೆಂದು ರೇಡಿಯೊದಲ್ಲಿ ಹೇಳಿದರು. ಎರಡು ಜೊತೆ ಕಾಲುಚೀಲ ಹಾಕಿಕೋ. ಇಲ್ಲಿ ನಾವು ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಬರೆಯುತ್ತಿದ್ದೇನೆ. ನನ್ನ ಸುಲ್ಮಾಳ ಮುಂದಿನ ಎರಡು ಹಲ್ಲು ಬಿದ್ದಿವೆ. ನಿನ್ನ ಹೆಸರು ಹೇಳಲು ಹೋದರೆ ಬರೀ ಗಾಳಿ ಬರುತ್ತದೆ. ಅವಳಪ್ಪ ಗಣಿಯಿಂದ ತಿಂಗಳಿಗೊಮ್ಮೆ ಬರುತ್ತಾನೆ, ಮೂರು ದಿನ ನಿದ್ದೆ ಮಾಡುತ್ತಾನೆ, ಹೋಗುತ್ತಾನೆ. ಮಂಜು ಜೂನ್‌ನಲ್ಲಿ ಕವಿದದ್ದು ಇನ್ನೂ ಎದ್ದಿಲ್ಲ. ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ, ಗೋಡೆಯ ಹಲಗೆ ಮುಟ್ಟಿದರೆ ಕೈ ಒದ್ದೆಯಾಗುತ್ತದೆ, ಕುಡಿಯಲು ಮಾತ್ರ ನೀರಿಲ್ಲ. ಇದೆಲ್ಲ ನಿನಗೆ ಗೊತ್ತಿದ್ದದ್ದೇ.

ಫೋನಿನಲ್ಲಿ ಏಕೆ ಏನೂ ಹೇಳುವುದಿಲ್ಲ ಎಂದು ನೀನು ಮುನಿಸಿಕೊಂಡೆಯಲ್ಲ, ಅದಕ್ಕೇ ಈ ಪತ್ರ. ಫೋನಿನ ಅಂಗಡಿಯಲ್ಲಿ ನನ್ನ ಹಿಂದೆ ಸಾಲಿನಲ್ಲಿ ನಿಲ್ಲುವವರೆಲ್ಲ ನಮ್ಮ ಬಡಾವಣೆಯವರೇ. ನಾನು ನಿನ್ನ ಹತ್ತಿರ ಅತ್ತ ಸುದ್ದಿ ನನಗಿಂತ ಮೊದಲೇ ಬೆಟ್ಟ ಹತ್ತಿಬಿಡುತ್ತದೆ. ನೀನು ಹೊರಟ ದಿನ ಬಡಾವಣೆ ಸಂಘದ ಮುದ್ರೆಯನ್ನೂ ನಡಾವಳಿ ಪುಸ್ತಕವನ್ನೂ ನನ್ನ ಕೈಗಿಟ್ಟು, ಮೂರೇ ತಿಂಗಳು, ಆಮೇಲೆ ಯಾರಾದರೂ ಅಧ್ಯಕ್ಷರಾಗುತ್ತಾರೆ ಎಂದಿದ್ದೆ. ಈಗ ಮೂರು ವರ್ಷವಾಯಿತು. ಎರಡು ಸಲ ಚುನಾವಣೆ ಕರೆದೆ. ಎರಡು ಸಲವೂ ಎಲ್ಲರೂ ಚಪ್ಪಾಳೆ ತಟ್ಟಿ ನನ್ನನ್ನೇ ಕೂರಿಸಿದರು. ಆಗ ಹೆಮ್ಮೆಯಾಗಿತ್ತು, ಸುಳ್ಳೇಕೆ ಹೇಳಲಿ.

ನೀರಿನ ಯೋಜನೆ ಮಂಜೂರಾಗಿದೆ, ಅಕ್ಕಾ. ನೀನು ಒಂಬತ್ತು ವರ್ಷ ಅರ್ಜಿ ಹೊತ್ತು ತಿರುಗಿದೆಯಲ್ಲ, ಅದೇ. ಏಪ್ರಿಲ್‌ನಲ್ಲಿ ಎಂಜಿನಿಯರ್ ಬಂದ, ಬಾಯೋನಾ ಅಂತ, ಇನ್ನೂ ಚಿಕ್ಕ ವಯಸ್ಸು, ಒಳ್ಳೆಯವನೇ. ಮೂರು ಕಾಲಿನ ಮೇಲೆ ದುರ್ಬೀನು ನಿಲ್ಲಿಸಿ ಬೆಟ್ಟವನ್ನೆಲ್ಲ ಅಳೆದ. ಹೆಂಗಸರು ಅವನಿಗೆ ಗೆಣಸು ಬೇಯಿಸಿ ಕೊಟ್ಟರು. ಪ್ರತಿ ಮನೆಗೂ ನಲ್ಲಿ ಬರುತ್ತದೆ, ನೀರು ತಾನಾಗಿಯೇ ಕೆಳಗೆ ಹರಿಯುತ್ತದೆ, ಅದಕ್ಕೆ ಬೆಟ್ಟದ ತಲೆಯ ಮೇಲೆ ಒಂದು ಟ್ಯಾಂಕ್ ಕಟ್ಟಬೇಕು ಎಂದ. ಎಲ್ಲಿ ಎಂದು ಕೇಳಿದೆ. ಮೇಲೆ ಸಮನೆಲ ಇರುವುದು ಒಂದೇ ಕಡೆ, ಉಳಿದದ್ದೆಲ್ಲ ಸಡಿಲ ಕಲ್ಲು ಎಂದು ಹೇಳಿ ನಕ್ಷೆಯ ಮೇಲೆ ಪೆನ್ಸಿಲ್ಲಿನಿಂದ ಒಂದು ಸುತ್ತು ಹಾಕಿದ. ಸುತ್ತಿನೊಳಗೆ ಎರಡು ಮನೆ ಇದ್ದವು. ಒಂದು ಪಕ್ಕದ ಜೋಸಿಮಾಳದು. ಇನ್ನೊಂದು ನಮ್ಮದು.

ಅಪ್ಪ ಆ ನೆಲ ಸಮ ಮಾಡದೆ ಹೋಗಿದ್ದರೆ ಅಲ್ಲಿ ಟ್ಯಾಂಕಿಗೆ ಜಾಗವೇ ಇರುತ್ತಿರಲಿಲ್ಲ. ಎಂಜಿನಿಯರಿಗೆ ಇದನ್ನು ಹೇಳಿದೆ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಎರಡು ಮನೆಯವರಿಗೂ ಮರಳುಗಾಡಿನ ಕಡೆ ಬದಲಿ ನಿವೇಶನ ಕೊಡುತ್ತಾರಂತೆ. ನಾನು ಹೋಗಿ ನೋಡಿಬಂದೆ. ಎರಡು ಬಸ್ಸು ಬದಲಾಯಿಸಬೇಕು, ಆಮೇಲೆ ನಡೆಯಬೇಕು. ಸುಣ್ಣದಲ್ಲಿ ಗೆರೆ ಎಳೆದಿದ್ದಾರೆ, ಗೆರೆಯೊಳಗೆ ಮರಳು. ಅಲ್ಲಿ ನೀರು ಯಾವಾಗ ಬರುತ್ತದೆ ಎಂದು ಕಾವಲುಗಾರನನ್ನು ಕೇಳಿದರೆ ಅವನಿಗೆ ನಗು ಬಂತು.

ಅಮ್ಮನಿಗೆ ಹೇಳಿದೆ. ಅವಳು ಮೆಕ್ಕೆಜೋಳ ಬಿಡಿಸುತ್ತಿದ್ದಳು. ಬಿಡಿಸುವುದನ್ನು ನಿಲ್ಲಿಸಲೂ ಇಲ್ಲ. "ಆಯಾಕುಚೊದಲ್ಲಿ ಬಂದೂಕಿನೋರು ಬಂದಾಗ ಒಂದ್ಸಲ ಒಲೆ ಮೇಲೆ ಅನ್ನ ಬಿಟ್ಟು ಓಡ್ಬಂದೆ. ಇನ್ನೊಂದ್ಸಲ ಓಡಲ್ಲ," ಎಂದಳು. ಅವತ್ತಿನಿಂದ ಅವಳು ಮನೆಯಿಂದ ಕೆಳಗಿಳಿಯಲಿಲ್ಲ. ಸಂತೆಗಿಲ್ಲ, ಚರ್ಚಿನ ಪೂಜೆಗಿಲ್ಲ, ಆಸ್ಪತ್ರೆಗೂ ಇಲ್ಲ. ತಾನು ಇಳಿದ ಹೊತ್ತಿನಲ್ಲಿ ಬಂದು ಕೆಡವುತ್ತಾರೆ ಎಂದು ಅವಳ ಎಣಿಕೆ. ಬಾಗಿಲಲ್ಲಿ ಕುರ್ಚಿ ಹಾಕಿ ಕೂತು ಮೆಟ್ಟಿಲನ್ನೇ ನೋಡುತ್ತಿದ್ದಳು. ನಾನು ಸಂಘದ ಕೆಲಸಕ್ಕೆಂದು ಮುದ್ರೆ ಚೀಲಕ್ಕೆ ಹಾಕಿಕೊಂಡು ಹೊರಟರೆ, "ಎಲ್ಲಿಗೆ, ಅಧ್ಯಕ್ಷರೇ?" ಎನ್ನುತ್ತಿದ್ದಳು. ಹೆತ್ತ ತಾಯಿ ಬಹುವಚನದಲ್ಲಿ ಮಾತಾಡಿಸಿದರೆ ಹೇಗಿರುತ್ತದೆ ಎಂದು ನಿನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಕೆಳಗಿನವರ ಕಷ್ಟ ಸುಳ್ಳೆಂದು ನಾನು ಹೇಳಲಾರೆ. ಮೇ ತಿಂಗಳಲ್ಲಿ ರಸ್ತೆ ಕುಸಿದು ನೀರಿನ ಲಾರಿ ಕೆಳಗೆ ಶಾಲೆಯ ಹತ್ತಿರವೇ ನಿಲ್ಲತೊಡಗಿತು. ಅಲ್ಲಿಂದ ಎಲ್ಲರೂ ಬಕೆಟ್ಟಿನಲ್ಲಿ ಹೊರುವುದು. ತಿಯೋಫಿಲೊ ಮಾಮನ ಹೆಂಡತಿ ಮಾರೂಹಾ ಅತ್ತೆ ಎರಡೂ ಕೈಯಲ್ಲಿ ಬಕೆಟ್ ಹಿಡಿದು ಹತ್ತುವಾಗ ಒದ್ದೆ ಮೆಟ್ಟಿಲಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡಳು. ಹತ್ತು ವಾರದಿಂದ ಮಲಗಿದಲ್ಲೇ ಇದ್ದಾಳೆ. ನಿನ್ನನ್ನು ಕೇಳಿದಳು, ಎರ್ಮೆಲಿಂದಾ ಇದ್ದಿದ್ದರೆ ಇಷ್ಟು ಹೊತ್ತಿಗೆ ನಲ್ಲಿ ಬಂದಿರುತ್ತಿತ್ತು ಎಂದಳು. ಅವಳು ಬೇಕೆಂದು ಚುಚ್ಚಿದ್ದಲ್ಲ. ಆದರೆ ಚುಚ್ಚಿತು.

ಅವಳು ಬಿದ್ದ ಮೇಲೆ ಜನರ ಬಾಯಿ ಬದಲಾಯಿತು. ಬಡವರ ಅಡುಗೆಮನೆಯಲ್ಲಿ ನನ್ನ ಸರದಿಯ ದಿನ ಈರುಳ್ಳಿ ಹೆಚ್ಚಲು ಯಾರೂ ಬರಲಿಲ್ಲ. ನೂರ ಹತ್ತು ಜನರ ಸಾರಿಗೆ ಒಬ್ಬಳೇ ಹೆಚ್ಚಿದೆ. ಶಾಲೆಯ ಗೋಡೆಯ ಮೇಲೆ ಯಾರೋ ಕೆಂಪು ಬಣ್ಣದಲ್ಲಿ ಬರೆದರು, ಅಧ್ಯಕ್ಷೆಯ ಮನೆ ಉಳಿಯಲಿ, ನಾವೆಲ್ಲ ಒಣಗಿ ಸಾಯೋಣ ಎಂದು. ಸುಲ್ಮಾ ಅದನ್ನು ಓದಿಕೊಂಡು ಬಂದು, ಅಮ್ಮ, ಅಧ್ಯಕ್ಷೆ ಅಂದರೆ ನೀನಾ ಎಂದು ಕೇಳಿದಳು. ಇನ್ನೊಂದು ಕಡೆ ಜೋಸಿಮಾ ದಿನವೂ ಹಿತ್ತಲಿನ ಬೇಲಿಯಾಚೆ ನಿಂತು, ನೀನು ಸಹಿ ಹಾಕುವುದಿಲ್ಲ ಅಲ್ಲವೇ, ನಾವು ಒಟ್ಟಿಗೇ ಅಲ್ಲವೇ ಎನ್ನುತ್ತಿದ್ದಳು. ಅವಳಿಗೂ ಹೂಂ ಎಂದೆ. ಕೆಳಗಿನವರಿಗೂ ನೋಡೋಣ ಎಂದೆ. ಅಕ್ಕಾ, ನಾನು ಇಡೀ ದಿನ ಎಲ್ಲರಿಗೂ ತಲೆಯಾಡಿಸುವ ಹೆಂಗಸಾಗಿಬಿಟ್ಟೆ. ಬೆಳಿಗ್ಗೆ ಎದ್ದರೆ ಮೆಟ್ಟಿಲು ಇಳಿಯಲು ಭಯ, ಸಂಜೆ ಹತ್ತಲು ಭಯ.

ಜುಲೈನಲ್ಲಿ ರಾಜೀನಾಮೆ ಕೊಟ್ಟೆ. ನಡಾವಳಿ ಪುಸ್ತಕ, ಮುದ್ರೆ, ಬೀಗದ ಕೈ ಎಲ್ಲವನ್ನೂ, ಸಂಘದ ಹಿರಿಯನೆಂದು, ತಿಯೋಫಿಲೊ ಮಾಮನ ಮೇಜಿನ ಮೇಲಿಟ್ಟು ಬಂದೆ. ಮಾರನೆಯ ಬೆಳಿಗ್ಗೆ ನೋಡಿದರೆ ಎಲ್ಲವೂ ನಮ್ಮ ಹೊಸ್ತಿಲ ಮೇಲಿದ್ದವು. ಮಂಜಿಗೆ ನೆನೆಯದಿರಲಿ ಎಂದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಹಗ್ಗ ಕಟ್ಟಿದ್ದರು. ಅವತ್ತೇ ಮಧ್ಯಾಹ್ನ ಮಾಮ ಬಂದ. ಅಮ್ಮನಿಗೆ ಕೇಳಿಸದಂತೆ ಹೊರಗೆ ನಿಂತು ಮಾತಾಡಿದ. ಗೊತ್ತಲ್ಲ, ಅವನು ಸಿಟ್ಟು ಬಂದಷ್ಟೂ ಮೆಲ್ಲಗೆ ಮಾತಾಡುವವನು. "ನೆಲಿದಾ, ಜಗಳ ಆಡೋಕೆ ಬಂದಿಲ್ಲಮ್ಮ. ಸುಲ್ಮಾಗೆ ಚರ್ಚಲ್ಲಿ ಜ್ಞಾನಸ್ನಾನ ಮಾಡ್ಸಿದಾಗ ಎತ್ಕೊಂಡಿದ್ದು ನಾನು. ನೀನು ಸಹಿ ಹಾಕ್ದೇ ಇದ್ರೂ ನಾಳೆ ಎದುರಿಗೆ ಸಿಕ್ಕಿದ್ರೆ ಮಾತಾಡಿಸ್ತೀನಿ. ಆದ್ರೆ ಮಾರೂಹಾ ಮುಖ ನೋಡ್ಕೊಂಡು ಎಷ್ಟು ದಿನ ಮಾತಾಡಿಸ್ತೀನೋ ನಂಗೇ ಗೊತ್ತಿಲ್ಲ," ಎಂದ. ಅಷ್ಟು ಹೇಳಿ ಮೆಟ್ಟಿಲು ಇಳಿದುಹೋದ. ಬೈದಿದ್ದರೆ ನನಗೂ ಬೈಯಲು ಬರುತ್ತಿತ್ತು.

ಆಗಸ್ಟ್ ಎಂಟರ ಭಾನುವಾರ ಸಭೆ ಕರೆದೆ. ಅಡುಗೆಮನೆಯ ತಗಡಿನ ಕೆಳಗೆ ಜಾಗ ಸಾಲದೆ ಜನ ಮೆಟ್ಟಿಲ ಮೇಲೆಲ್ಲ ಕೂತಿದ್ದರು. ಎಂಜಿನಿಯರ್ ಒಪ್ಪಿಗೆಯ ಕಾಗದ ಓದಿದ. ನಿಯಮದಂತೆ ಕೈ ಎತ್ತಿಸಿದರೆ ಸಾಕಿತ್ತು, ಆಮೇಲೆ ಅಧ್ಯಕ್ಷೆಯ ಒಂದು ಸಹಿ. ಅಷ್ಟರಲ್ಲಿ ಮೇಲಿನ ಜನ ಒಬ್ಬೊಬ್ಬರಾಗಿ ಎದ್ದು ದಾರಿ ಬಿಡುವುದು ಕಂಡಿತು. ಅಮ್ಮ ಇಳಿದು ಬರುತ್ತಿದ್ದಳು. ನಾಲ್ಕು ತಿಂಗಳಲ್ಲಿ ಮೊದಲ ಸಲ. ಜಡೆ ಹೆಣೆದುಕೊಂಡಿದ್ದಳು, ಅಪ್ಪನ ಶವದ ಜೊತೆ ನಡೆದಾಗ ಉಟ್ಟಿದ್ದ ಆ ಕಪ್ಪು ಲಂಗ ಉಟ್ಟಿದ್ದಳು. ಯಾರೋ ಕುರ್ಚಿ ಕೊಟ್ಟರು, ಕೂರಲಿಲ್ಲ.

ಅವಳು ಅರ್ಧ ನಮ್ಮ ಬೆಟ್ಟದ ಕೆಚುವಾ ಮಾತಿನಲ್ಲಿ, ಅರ್ಧ ಇಲ್ಲಿನ ಮಾತಿನಲ್ಲಿ ಹೇಳಿದಳು. "ಆ ನೆಲ ಸಮ ಮಾಡೋಕೆ ನನ್ನ ಗಂಡಂಗೆ ಹನ್ನೊಂದು ತಿಂಗ್ಳು ಹಿಡೀತು. ಭಾನ್ವಾರ ಭಾನ್ವಾರ ನೀವೂ ಬಂದು ಕಲ್ಲು ಹೊತ್ರಿ. ಯಾರ್‍ಯಾರು ಹೊತ್ರಿ ಅಂತ ನಂಗೆ ನೆನಪಿದೆ. ತಿಯೋಫಿಲೊ, ನೀನು ಹೊತ್ತೆ. ಈಗ ಅದು ಬೇಕು ಅಂತೀರಿ. ಬೇಕಾದೋರು ಒಬ್ಬೊಬ್ರಾಗಿ ಬಂದು ನನ್ನ ಮುಂದೆ ಸಹಿ ಹಾಕಿ. ನೀವೆಲ್ಲ ಬರೀ ಕೈ ಎತ್ಬಿಟ್ಟು, ಕೊಲ್ಲೋ ಕೆಲ್ಸ ಮಾತ್ರ ನನ್ನ ಮಗಳ ಕೈಲಿ ಮಾಡಿಸ್ಬೇಡಿ."

ಯಾರೂ ಅಲುಗಲಿಲ್ಲ. ಒಂದು ಮಗು ಅಳುತ್ತಿತ್ತು, ಅದನ್ನು ಹೊರಗೆ ಕರೆದುಕೊಂಡು ಹೋದರು. ನನಗೆ ಅನ್ನಿಸಿತು, ಅಕ್ಕಾ, ಇನ್ನು ಯಾರೂ ಬರುವುದಿಲ್ಲ, ಅಮ್ಮ ಗೆದ್ದಳು ಎಂದು. ಗೆದ್ದರೆ ಮಾರೂಹಾ ಅತ್ತೆಯ ಗತಿಯೇನು ಎಂದೂ ಅದೇ ಉಸಿರಿನಲ್ಲಿ ಅನ್ನಿಸಿತು. ಆಮೇಲೆ ತಿಯೋಫಿಲೊ ಮಾಮ ಎದ್ದ. ಕನ್ನಡಕ ಹುಡುಕಲು ಬಹಳ ಹೊತ್ತು ತೆಗೆದುಕೊಂಡ. ಸಹಿ ಹಾಕಿದ. ಅವನ ಹಿಂದೆ ಒಬ್ಬರು, ಅವರ ಹಿಂದೆ ಇನ್ನೊಬ್ಬರು. ಎರಡು ಗಂಟೆ ಹಿಡಿಯಿತು. ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಿದರು. ಅಮ್ಮ ಪ್ರತಿಯೊಬ್ಬರ ಹೆಸರನ್ನೂ ಹೇಳಿದಳು, ಬೈದಂತೆ ಅಲ್ಲ, ಹಾಜರಿ ಕರೆದಂತೆ. ಕೊನೆಗೆ ಜೋಸಿಮಾ ಬಂದಳು. ನನ್ನ ಕಡೆ ನೋಡಲಿಲ್ಲ. ತನ್ನ ಮಂಡಿ ಸವೆದುಹೋಗಿದೆ, ಇನ್ನು ಈ ಮೆಟ್ಟಿಲು ಹತ್ತಲಾರೆ, ಮರಳಾದರೂ ಸಮ ಇರುತ್ತದಲ್ಲ ಎಂದು ಗೊಣಗಿ ತನ್ನ ಮನೆಯನ್ನು ಬಿಟ್ಟುಕೊಟ್ಟು ಸಹಿ ಹಾಕಿದಳು. ಅವಳನ್ನು ನಾನು ಯಾವ ಬಾಯಿಂದ ದೂರಲಿ, ಅವಳಿಗೆ ನಾಲ್ಕು ತಿಂಗಳು ಸುಳ್ಳು ಹೂಂ ಹೇಳಿದವಳು ನಾನು. ಅವಳ ನಂತರ ಉಳಿದದ್ದು ಅಧ್ಯಕ್ಷೆಯ ಜಾಗ ಒಂದೇ. ಹಾಕಿದೆ. ಅಮ್ಮ ನನ್ನ ಹೆಸರನ್ನು ಮಾತ್ರ ಹೇಳಲಿಲ್ಲ.

ಮೇಲೆ ಹತ್ತುವಾಗ ಕೈ ಕೊಡಲು ಹೋದೆ, ಬೇಡವೆಂದಳು. ಅವತ್ತಿನಿಂದ ಬೇಕಾದಷ್ಟೇ ಮಾತು. ಊಟಕ್ಕೆ ಬಡಿಸುತ್ತಾಳೆ, ಉಪ್ಪು ಸಾಕೇ ಎಂದು ಕೇಳುತ್ತಾಳೆ. ಅಕ್ಟೋಬರ್ ಕೊನೆಗೆ ಜಾಗ ಖಾಲಿಯಾಗಬೇಕು. ಈಗ ಕೆಳಗೆ ಎಲ್ಲರೂ ನನ್ನನ್ನು ನೋಡಿ ನಗುತ್ತಾರೆ, ಅಡುಗೆಮನೆಯಲ್ಲಿ ನನ್ನ ಸರದಿಗೆ ಆರು ಜನ ಬಂದು ಈರುಳ್ಳಿ ಹೆಚ್ಚುತ್ತಾರೆ. ಆ ಗೋಡೆಯ ಬರಹಕ್ಕೆ ಯಾರೋ ಸುಣ್ಣ ಬಳಿದಿದ್ದಾರೆ. ಆ ನಗುವನ್ನು ನೋಡುವುದಕ್ಕಿಂತ ಆ ಬರಹವೇ ವಾಸಿಯಾಗಿತ್ತು.

ನಿನ್ನ ಮೈ ನೋಡಿಕೋ. ರೊಟ್ಟಿ ತಿಂದು ದಿನ ದೂಡಬೇಡ, ಬಿಸಿ ಸಾರು ಮಾಡಿಕೋ. ಸುಲ್ಮಾ ನಿನಗೆ ಹಲ್ಲಿಲ್ಲದ ಮುತ್ತು ಕೊಟ್ಟಿದ್ದಾಳೆ. ಮಾರೂಹಾ ಅತ್ತೆ, ತಿಯೋಫಿಲೊ ಮಾಮ ಇಬ್ಬರೂ ನಿನ್ನನ್ನು ಕೇಳಿದ್ದಾರೆ. ಅಮ್ಮನ ಆಶೀರ್ವಾದ ನಿನ್ನ ಮೇಲಿದೆ. ಹೇಳು ಎಂದು ಅವಳೇ ಹೇಳಿದಳು.

ನಿನ್ನ ತಂಗಿ,
ನೆಲಿದಾ

ಮರೆತ ಮಾತು: ಸೋಮವಾರ, ಅಂಚೆ ಕಚೇರಿಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ನಿನ್ನೆ ಅಮ್ಮ ಎದುರಿಗೇ ಇದ್ದಳು. ಅಕ್ಷರ ಬಾರದಿದ್ದರೂ ನನ್ನ ಮುಖ ಓದುತ್ತಾಳೆ, ಅದಕ್ಕೆ ಇದನ್ನು ಬರೆಯಲಿಲ್ಲ. ಶುಕ್ರವಾರ ಎಂಜಿನಿಯರ್ ಕಡತ ಹಿಡಿದುಕೊಂಡು ಬಂದಿದ್ದ. ನಮ್ಮ ಮನೆಯ ಹಕ್ಕುಪತ್ರದಲ್ಲಿ ಅಪ್ಪನ ಹೆಸರಿಲ್ಲ, ಅಮ್ಮನದೂ ಇಲ್ಲ, ಇರುವುದು ನಿನ್ನ ಹೆಸರು; ಮನೆಯಲ್ಲಿ ಓದುಬರಹ ಬರುತ್ತಿದ್ದವಳು ಆಗ ನೀನೊಬ್ಬಳೇ. ನೀನು ಅಲ್ಲಿನ ನಮ್ಮ ದೇಶದ ರಾಯಭಾರ ಕಚೇರಿಗೆ ಹೋಗಿ ಸಹಿ ಹಾಕದೆ ಆ ನೂರ ಮೂವತ್ತು ಸಹಿಗೆ ಬೆಲೆ ಇಲ್ಲ. ಅಮ್ಮನಿಗೆ ಇದು ಮೊದಲೇ ಗೊತ್ತಿತ್ತು, ಅಕ್ಕಾ. ಸಭೆಯ ದಿನವೂ ಗೊತ್ತಿತ್ತು. "ಅವಳಿಗೆ ಬರಿ, ಹಾಕ್ಬೇಡ ಅಂತ," ಎಂದಳು. ಬರೆದೆ, ಅವಳ ಮಾತು ಮುಗಿಯಿತು. ಈಗ ನನ್ನ ಮಾತು. ಕಾಗದ ಇದರೊಳಗಿದೆ, ಸಹಿ ಹಾಕಿ ಕಳಿಸು. ಅಮ್ಮನಿಗೆ ಫೋನ್ ಮಾಡಿ ನೀನಾಗಿಯೇ ಹಾಕಿದೆ ಎನ್ನು, ನೆಲಿದಾ ಬೇಡವೆಂದು ಬರೆದಿದ್ದಳು ಎನ್ನು. ನೀನು ದೂರ ಇದ್ದೀಯ, ನಿನ್ನ ಮೇಲೆ ಸಿಟ್ಟಾಗಿಯೂ ಅವಳು ಬದುಕಬಲ್ಲಳು. ನಾನು ಆ ಮರಳಿನಲ್ಲಿ ಅವಳ ಜೊತೆ ಒಂದೇ ಕೋಣೆಯಲ್ಲಿ ಇರಬೇಕಾದವಳು. ಓದಿದ ಮೇಲೆ ಈ ಹಾಳೆಯನ್ನು ಸುಟ್ಟುಬಿಡು. ಕಿಟಕಿ ಮುಚ್ಚುತ್ತಿದ್ದಾರೆ.