ಹಗೇವಿದ್ದ ಜಾಗ

ದೊಡ್ಡಬೆಳವಂಗಲ
ಮಾರ್ಚ್ ೧೯೪೬

ಮುತ್ತಮ್ಮಕ್ಕನಿಗೆ ತಮ್ಮ ಮುನಿರಾಮನ ನಮಸ್ಕಾರ.

ಅವ್ವ ಇದ್ದಾಗ ನೆಲದೊಳಗೆ ರಾಗಿ ತುಂಬಿಡುತ್ತಿದ್ದ, ಈಗ ಮುಚ್ಚಿರುವ ಹಗೇವಿನ ಮೇಲೆಯೇ ನನ್ನ ಮನೆ ಏಳಲಿ ಎಂದು ನೀನು ಹೇಳಿದ್ದೆ. ಮೇಸ್ತ್ರಿಯನ್ನು ಗೊತ್ತುಮಾಡುವ ಮೊದಲು ಅಲ್ಲಿ ಮೊಣಕಾಲುದ್ದ ಗುಂಡಿ ತೋಡಿ, ಅದೇ ಮಣ್ಣನ್ನು ತಿರುಗಿ ತುಂಬಿದೆ. ಗಟ್ಟಿ ನೆಲವಾದರೆ ಮಣ್ಣು ಮಿಗಬೇಕು. ಇಲ್ಲಿ ಎರಡು ಮಂಕರಿ ಮಣ್ಣು ಕಡಿಮೆ ಬಿತ್ತು.

ಇಲ್ಲಿ ಗೋಡೆ ನಿಲ್ಲದು ಎಂದಿದ್ದಕ್ಕೆ, ಕೆಲಸ ಕೇಳಿ ಬಂದಿದ್ದ ಪಿಳ್ಳಪ್ಪ ಮೇಸ್ತ್ರಿ, "ಇಸ್ಕೂಲ್ ಬಿಟ್ಟೋನು ನಂಗೆ ಹೇಳ್ಕೊಡ್ತೀಯೇನ್ಲಾ? ಗೋಡೆ ನಾನ್ ನಿಲ್ಲಿಸ್ತೀನಿ" ಅಂದ.

"ಬಿದ್ರೆ ಒಳಗಿರೋಳು ನಮ್ಮಕ್ಕ ಕಣಣ್ಣ" ಅಂದೆ.

ಅವ್ವ ಹಗೇವಿನೊಳಗಿಳಿದು ಮೊರ ಎತ್ತಿಕೊಡುತ್ತಿದ್ದದ್ದು, ನೀನು ಬಾಗಿ ತೆಗೆದುಕೊಳ್ಳುತ್ತಿದ್ದದ್ದು ನೆನಪಾಗಿ, ನೆಲ ಗಟ್ಟಿಯಿದೆ ಎಂದು ನಿನಗೆ ಸುಳ್ಳು ಬರೆದುಬಿಡೋಣ ಅನ್ನಿಸಿತು. ಆಗಲಿಲ್ಲ.

ಹುಣಸೆಮರದ ಪಕ್ಕದಲ್ಲೂ ಹಾಗೆಯೇ ಗುಂಡಿ ತೋಡಿ ತುಂಬಿ ನೋಡಿದೆ, ಮಣ್ಣು ಮಿಕ್ಕಿತು. ಅಲ್ಲಿ ಪಾಯ ತೆಗೆಸಲು ಒಪ್ಪಿಕೊ. ಸಿಟ್ಟಿದ್ದರೆ ಬಂದು ಬೈಯಿ. ಹಗೇವಿನ ಗುಂಡಿಯನ್ನು ನಿನಗಾಗಿ ತಿರುಗಿ ತೋಡಿಟ್ಟಿದ್ದೇನೆ. ಬೇಗ ಬಾ, ಹಳೇ ರಾಗಿಯ ವಾಸನೆ ಇನ್ನೂ ಬರುತ್ತಿದೆ.

ನಿನ್ನ ತಮ್ಮ,
ಮುನಿರಾಮ