ನಿಮಗೆ ಕೊಟ್ಟ ನಗು

ಬಿಬವೇವಾಡಿ, ಪುಣೆ

ಆಂಬ್ಯುಲೆನ್ಸ್ ಕಂಟ್ರೋಲ್ ರೂಮಿನ ರೇಣು ಅವರಿಗೆ,

ನಮ್ಮ ಮನೆಯವರು ಉಳಿದರು. ನಿಮ್ಮ ಉಪಕಾರ ದೊಡ್ಡದು. ಆದರೂ ಒಂದು ಮಾತು ಹೊಟ್ಟೆಯೊಳಗೇ ಉಳಿದಿದೆ. ಅಂದು ಅವರು ಕುಸಿದಾಗ ನಾನು ಫೋನ್ ಹಿಡಿದು ವಿಡಿಯೋದಲ್ಲಿ ತೋರಿಸಿದೆ. ನೀವು ಕನ್ನಡದಲ್ಲೇ, "ಕಾಕಾ, ಸ್ವಲ್ಪ ನಕ್ಕು ತೋರಿಸ್ರಿ," ಅಂದಿರಿ. ತಕ್ಷಣ ನಕ್ಕರು. ಮದುವೆಯ ಫೋಟೋದಲ್ಲೂ ನನ್ನ ಪಕ್ಕ ನಗದೆ ನಿಂತ ಮನುಷ್ಯ! ನನಗೆ ಮೈಯೆಲ್ಲ ಉರಿಯಿತು. ಆ ಉರಿಯಲ್ಲಿ, ಬಾಯಿ ಒಂದೇ ಕಡೆಗೆ ಎಳೆದದ್ದು ನನಗೆ ಕಾಣಲೇ ಇಲ್ಲ. ನೀವು ನೋಡಿದಿರಿ, ಲಕ್ವಾ, ಅಂದರೆ ಪಾರ್ಶ್ವವಾಯು ಹೊಡೆದಿದೆ ಎಂದು ಕೂಡಲೇ ಗಾಡಿ ಕಳಿಸಿದಿರಿ.

ಈಗ ದಿನವೂ ಕನ್ನಡಿ ಮುಂದೆ ನಗಬೇಕೆಂದು ಡಾಕ್ಟರು ಹೇಳಿದ್ದಾರೆ. ನಾನು ಹೇಳಿದರೆ ಗೋಡೆಗೆ ಮುಖ ತಿರುಗಿಸುತ್ತಾರೆ. ಬಿಡುವಾದಾಗ ನೀವೇ ವಿಡಿಯೋ ಕಾಲ್ ಮಾಡಿ ಹೇಳಿರಿ. ಫೋನ್ ನಾನೇ ಹಿಡಿಯುತ್ತೇನೆ. ನಗು ನೆಟ್ಟಗಾದ ದಿನ ಕಟ್ ಮಾಡುವವಳೂ ನಾನೇ.

ಇಂತಿ,
ಅವರ ಹೆಂಡತಿ ನಾಗವ್ವ