ಬಾಯಿ ಮುಚ್ಚಿಕೊಂಡು ಕರಡಿ ಎಣಿಸಿ ಎಂದವರಿಗೆ

ಕರಡಿ ಗಣತಿಯ ಉಸ್ತುವಾರಿ ಹೊತ್ತ ಮಾನ್ಯ ಅರಣ್ಯಾಧಿಕಾರಿಗಳೇ,

ತಮ್ಮ ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸಿದ್ದರಿಂದ ನನ್ನ ಹೆಂಡತಿ ಮಾತಿಯ ಅರ್ಧ ಮುಖ ಹೋಗಿದೆ. ಗಣತಿಗೆ ಹೋದವರು ಕಾಡಿನಲ್ಲಿ ಸದ್ದು ಮಾಡಕೂಡದು ಎಂಬ ಆ ಆಜ್ಞೆ ಇನ್ನೂ ಜಾರಿಯಲ್ಲಿದೆ. ಮಳೆ ನಿಂತೊಡನೆ ಎರಡನೇ ಸುತ್ತು. ಅದಕ್ಕೆ ನನ್ನ ಮಗಳು ನಿಷ ಹೆಸರು ಕೊಟ್ಟಿದ್ದಾಳೆ. ಮಲಯಾಳದಲ್ಲಿ ಬರೆದ ಅರ್ಜಿಗೆ ತಮ್ಮ ಕಚೇರಿ ಉತ್ತರಿಸಲಿಲ್ಲ. ತಾವು ಗಡಿಯಾಚೆಯ ಕನ್ನಡದವರೆಂದು ಕೇಳಿ, ಹೊಳೆಯಾಚೆಯ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ, ಹತ್ತು ಜನ ಓದುವಂತೆ ಬರೆಯುತ್ತಿದ್ದೇನೆ.

ಚೇಕಾಡಿಯ ನಮ್ಮ ಹಾಡಿಯವರು ಜೇನಿಗೆ ಹೋಗಲಿ, ಸೌದೆಗೆ ಹೋಗಲಿ, ಮುಂದೆ ನಡೆಯುವವರು ಕೂಗು ಹಾಕುತ್ತಲೇ ಹೋಗುತ್ತಾರೆ. ಹುತ್ತಕ್ಕೆ ಮೂತಿಯಿಟ್ಟ ಕರಡಿಗೆ ಲೋಕದ ಪರಿವೆ ಇರುವುದಿಲ್ಲ, ಕಣ್ಣೂ ಮಂದ. ಹತ್ತಿರ ಹೋದ ಮೇಲೆ ಬೆಚ್ಚಿತೋ, ಮುಖಕ್ಕೇ ಬೀಳುತ್ತದೆ. ದೂರದಿಂದಲೇ ಕೂಗು ಕೇಳಿದರೆ ಗೊಣಗಿಕೊಂಡು ಸರಿದುಹೋಗುತ್ತದೆ. ಇದರಲ್ಲಿ ಪಾಂಡಿತ್ಯವೇನಿಲ್ಲ, ತಿರುವಿನಲ್ಲಿ ಬಸ್ಸು ಹಾರ್ನ್ ಹಾಕುವಷ್ಟೇ ಸಾಮಾನ್ಯ. ತರಬೇತಿಯ ದಿನ ಇದನ್ನು ಹೇಳಿದಾಗ ತಾವು ನಕ್ಕು, ಕೂಗಿದರೆ ಕರಡಿ ದೂರ ಹೋಗುತ್ತದೆ, ಕ್ಯಾಮೆರಾಕ್ಕೆ ಸಿಗುವುದಿಲ್ಲ, ಎಣಿಕೆ ಕೆಡುತ್ತದೆ ಎಂದಿರಿ. ಸ್ವಾಮಿ, ದೂರ ಹೋಗಲಿ ಎಂದೇ ಅಲ್ಲವೇ ನಾವು ಕೂಗುವುದು? ಕೂಗಿದವರಿಗೆ ಮರುದಿನದಿಂದ ಕೆಲಸವಿಲ್ಲ ಎಂದೂ ಹೇಳಿದಿರಿ.

ಆ ಬೆಳಿಗ್ಗೆ ಮಾತಿ ಕ್ಯಾಮೆರಾ ಚೀಲ ಹೊತ್ತು ಮುಂದೆ ನಡೆಯುತ್ತಿದ್ದಳು, ಹಿಂದೆ ತಮ್ಮ ವಾಚರ್ ಸುಧೀಶ್. ಬಿದಿರು ಮೆಳೆಯ ಹತ್ತಿರ ಅವಳಿಗೆ ಕರಡಿಯ ವಾಸನೆ ಬಂತಂತೆ. ಗಂಟಲಿಗೆ ಬಂದ ಕೂಗನ್ನು ನುಂಗಿಕೊಂಡಳು. ಮೆಳೆಯ ಹಿಂದಿದ್ದದ್ದು ಮರಿ ಹಾಕಿದ ಕರಡಿ. ಸುಧೀಶ್ ಕಲ್ಲೆಸೆದು ಅರಚಿದ ಮೇಲೆಯೇ ಅದು ಅವಳನ್ನು ಬಿಟ್ಟದ್ದು. ಅರಚಿದ್ದಕ್ಕೆ ಅವನನ್ನು ತಾವು ಕೆಲಸದಿಂದ ತೆಗೆಯಲಿಲ್ಲ, ದೊಡ್ಡ ಮನಸ್ಸು. ಆಸ್ಪತ್ರೆಯಲ್ಲಿ ಹೊಲಿಗೆ ಬಿಚ್ಚಿದ ಮೇಲೆ, ಯಾಕೆ ಕೂಗಲಿಲ್ಲ ಎಂದು ಅವಳನ್ನು ಕೇಳಿದೆ.

"ಒಚ್ಚೆ ಮಾಡ್ಬೇಡಾಂತ ಸಾರ್ ಹೇಳಿದ್ರಲ್ಲ. ಪಣಿ ಹೋದ್ರೆ ಏನ್ ತಿಂಬದು?" ಎಂದಳು. ಒಚ್ಚೆ ಎಂದರೆ ನಮ್ಮಲ್ಲಿ ಸದ್ದು, ಪಣಿ ಎಂದರೆ ಕೆಲಸ.

ತಮ್ಮ ಪ್ರಕಟಣೆಯಲ್ಲಿ ಮಾತ್ರ 'ಕೂಲಿ ಮಹಿಳೆಯ ಅಜಾಗರೂಕತೆ' ಎಂದಿದೆ. ಹೇಳಿದ ಮಾತು ಕೇಳುವುದಕ್ಕೆ ಅಜಾಗರೂಕತೆ ಎನ್ನುವುದು ಯಾವ ಶಾಸ್ತ್ರ? ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ತಾವು ಈಗ ಹೆಲ್ಮೆಟ್ ಕಳಿಸಿದ್ದೀರಿ, ಜೊತೆಗೆ ಅದೇ ಮೌನದ ಆಜ್ಞೆ. ಗಣತಿ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಕರಡಿ ಎಲ್ಲಿವೆ, ಎಷ್ಟಿವೆ ಎಂದು ತಿಳಿದರೆ ನಮಗೂ ಒಳ್ಳೆಯದೇ. ಕರಡಿಯ ಮೇಲೆ ನನಗೆ ಸಿಟ್ಟಿಲ್ಲ, ಮರಿಯಿದ್ದ ತಾಯಿ ಮಾಡುವುದನ್ನೇ ಅದು ಮಾಡಿತು. ನನಗೆ ಸಿಟ್ಟಿರುವುದು ತಮ್ಮ ಮೇಲೆ.

ಮೊನ್ನೆ ನಿಷ ಅಂಗಳದಲ್ಲಿ ಹೆಜ್ಜೆ ಸಪ್ಪಳವಾಗದಂತೆ ನಡೆಯುವುದನ್ನು ಅಭ್ಯಾಸ ಮಾಡುತ್ತಿದ್ದಳು. ಬೇಡವೆಂದರೆ, ಬೇರೆ ಕೆಲಸ ಎಲ್ಲಿದೆ ಅಪ್ಪಾ ಎನ್ನುತ್ತಾಳೆ. ಅವಳನ್ನು ಒಳಗೆ ಕರೆಯಲು ಮಾತಿ ಬಾಗಿಲಲ್ಲಿ ನಿಂತು ಬಾಯಿ ತೆರೆದಳು. ಹರಿದ ತುಟಿಯಲ್ಲಿ ಮಾತು ಹೇಗೋ ಬರುತ್ತದೆ, ಕೂಗು ಬರುವುದಿಲ್ಲ. ಬರೀ ಗಾಳಿ ಬಂತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಎರಡನೇ ಸುತ್ತಿಗೆ ಮುಂಚೆ ಆ ಆಜ್ಞೆಯನ್ನು ಬರಹದಲ್ಲಿ ಹಿಂತೆಗೆದುಕೊಳ್ಳಿ. ಆಗದು ಎಂದಾದರೆ, ಹೆಲ್ಮೆಟ್ ತೊಟ್ಟು, ಬಾಯಿ ಮುಚ್ಚಿಕೊಂಡು ತಾವೇ ಮುಂದೆ ನಡೆಯಿರಿ. ಹಿಂದೆ ನನ್ನ ಮಗಳು ಬರುತ್ತಾಳೆ. ಅವಳು ಕೂಗುತ್ತಾಳೆ.

ಇಂತಿ,
ತಮ್ಮ ಎಣಿಕೆಯಲ್ಲಿ ಎಲ್ಲೂ ಸೇರದ
ಚಿಕ್ಕಣ್ಣ, ಚೇಕಾಡಿ